ಕವನದ ಪೆಟ್ಟಿಗೆ ಹೇಳಿದ ಸಾವು

ಬೆಳಗಿನ ಎಂಟಕ್ಕೆ ಅನ್ಸೆಲ್ಮೊನ ಹೆಣ ಸಿಕ್ಕಿತು. ವಾಲ್ಪರೈಸೊ ಬಂದರಿನ ಗುಡ್ಡದ ಓಣಿ. ನೂರಿಪ್ಪತ್ತು ಕಡಿದಾದ ಮೆಟ್ಟಿಲು. ಆತ ಬುಡದಲ್ಲಿ ಬಿದ್ದಿದ್ದ. ಮುಷ್ಟಿಯಲ್ಲಿ ಅಂಗಡಿ ಬಿಲ್ಲಿನಂಥ ಒಂದು ಚೀಟಿ.

'ಕಡಲು ಕರೆದಿದೆ.
ಮೆಟ್ಟಿಲು ಎಣಿಸಿದ್ದು ಸಾಕು.
ಇಂದು ಹಗುರಾಗಿ ಬೀಳುವೆ.'

ಇನ್ಸ್‌ಪೆಕ್ಟರ್ ರೊಸೌರಾ ಓದಿದಳು. ಅಷ್ಟು ಬಿಸಿಲಿನಲ್ಲೂ ಅವಳ ಮೈ ಜುಮ್ಮೆಂದಿತು.

ಮೇಲೆ ಅನ್ಸೆಲ್ಮೊನ ಕಾಫಿ ಅಂಗಡಿ. ಮೂಲೆಯಲ್ಲಿ ಅವನೇ ಕಟ್ಟಿದ ಕವನದ ಪೆಟ್ಟಿಗೆ. ಗುಂಡಿ ಒತ್ತಿದರೆ ಒಳಗಿನ ಕಂಪ್ಯೂಟರು ಓಣಿಯವರು ತುಂಬಿಸಿದ ಪದಗಳನ್ನು ಗೊತ್ತುಗುರಿಯಿಲ್ಲದೆ ಹೆಕ್ಕಿ ಮೂರು ಸಾಲು ಮುದ್ರಿಸುತ್ತಿತ್ತು. ತಲೆಬುಡವಿರಲಿಲ್ಲ. ಆದರೂ ಜನ ಮುಗಿಬೀಳುತ್ತಿದ್ದರು. ತನಗೆಂದೇ ಬರೆದದ್ದು ಅಂತ ಪ್ರತಿಯೊಬ್ಬರಿಗೂ ಅನಿಸುತ್ತಿತ್ತು. ಅನ್ಸೆಲ್ಮೊ ಅಂತೂ ಬೆಳಗಿನ ಚೀಟಿ ಹೇಳಿದಂತೆಯೇ ನಡೆಯುತ್ತಿದ್ದ. ಈರುಳ್ಳಿ ಎಂದು ಬಂದರೆ ದಿನವಿಡೀ ಈರುಳ್ಳಿ.

"ಪೆಟ್ಟಿಗೆ ಹೇಳ್ತು, ಇವನು ಹಾರಿದ," ಎಂದ ಫೆರ್ಮಿನ್. ಪಕ್ಕದ ಹಳೇ ಪುಸ್ತಕದಂಗಡಿಯವನು, ಕವಿ ಬೇರೆ. "ಏಳು ಗಂಟೆಗೆ ನಾನು ಇಲ್ಲೇ ಇದ್ದೆ ಮೇಡಂ. ಗುಂಡಿ ಒತ್ತಿದ. ಚೀಟಿ ಬಂದದ್ದನ್ನ ಕಣ್ಣಾರೆ ನೋಡಿದೆ. ನಿನ್ನೆ ಮಗಳು ಕೂಗಾಡಿದ್ದಳು, ಅದೂ ಮನಸ್ಸಿಗೆ ನಾಟಿರಬೇಕು."

ಮಗಳು ಹಸಿಂತಾ ತಲೆ ಎತ್ತಲಿಲ್ಲ. "ನನ್ನಿಂದಲೇ ಅಪ್ಪ ಸತ್ತ," ಎಂದಳು.

\* \* \*

ರೊಸೌರಾ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ನಲವತ್ತು ಸಲ. ಬೆಕ್ಕು, ಗಂಟೆ, ಉಪ್ಪು, ಅಜ್ಜಿಯ ಹಲ್ಲು. ಎಲ್ಲ ಬಂತು, ಒಂದು ಪದ ಮಾತ್ರ ಬರಲಿಲ್ಲ. ಈ ಊರಲ್ಲಿ ಪೆನ್ನು ಹಿಡಿದವರೆಲ್ಲ ಮೊದಲು ಬರೆಯುವುದೇ ಆ ಪದ.

"ಹಸಿಂತಾ, ನಿನ್ನೆ ಜಗಳ ಯಾಕಮ್ಮ?"

"ಅಪ್ಪ ಪೆಟ್ಟಿಗೆಯಿಂದ ಕಡಲು ಅನ್ನೋ ಪದಾನ ಅಳಿಸಿಬಿಟ್ಟ. ಎಲ್ಲರೂ ಅದನ್ನೇ ತುಂಬ್ತಾರೆ, ಬೇಸರ ಬಂತು ಅಂದ. ಅದು ಆರು ವರ್ಷದವಳಿದ್ದಾಗ ನಾನು ಹಾಕಿದ ಮೊದಲ ಪದ. ನಿನಗೆ ಮಗಳಿಗಿಂತ ಪೆಟ್ಟಿಗೆಯೇ ಹೆಚ್ಚು ಅಂದು ಹೊರಟುಹೋದೆ."

"ಬೇರೆ ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ."

\* \* \*

"ಫೆರ್ಮಿನ್ ಅವರೇ, ನಿನ್ನೆ ಸಂಜೆಯಿಂದ ಈ ಪೆಟ್ಟಿಗೆಗೆ ಕಡಲು ಗೊತ್ತಿಲ್ಲ. ಇವತ್ತು ಬೆಳಗ್ಗೆ ಈ ಚೀಟಿ ಹೊರಗೆ ಬಂದದ್ದನ್ನ ನೀವು ಹೇಗೆ ನೋಡಿದಿರಿ?"

ಫೆರ್ಮಿನ್ ಬಾಗಿಲ ಕಡೆ ಹೆಜ್ಜೆ ಇಟ್ಟ, ರೊಸೌರಾ ಅಡ್ಡ ನಿಂತಳು.

"ನಿಮ್ಮ ಅಂಗಡಿಯ ಬಿಲ್ಲಿನ ಯಂತ್ರದಲ್ಲೂ ಇದೇ ಕಾಗದ. ಅಲ್ಲಿ ಮುದ್ರಿಸಿದಿರಿ, ಅವನನ್ನ ತಳ್ಳಿದಿರಿ, ಕೆಳಗಿಳಿದು ಮುಷ್ಟಿಗೆ ತುರುಕಿದಿರಿ. ಚೀಟಿ ಹೇಳಿದಂತೆ ನಡೆಯೋನು ಅಂತ ಓಣಿಗೆಲ್ಲ ಗೊತ್ತು. ಯಾರೂ ಅನುಮಾನಪಡಲ್ಲ ಅಂದುಕೊಂಡಿರಿ."

ಅವನು ಕುರ್ಚಿಯಲ್ಲಿ ಕುಸಿದ. "ಮೂರು ಪುಸ್ತಕ ಬರೆದೆ. ನಾಯಿಯೂ ಮೂಸಲಿಲ್ಲ. ಆ ಡಬ್ಬಿ ಬಾಯಿಗೆ ಬಂದದ್ದು ಕಕ್ಕಿದರೆ ಜನ ಅಳ್ತಾರೆ!" ಆಮೇಲೆ ದನಿ ತಗ್ಗಿಸಿ, ಆಸೆಯಿಂದ ಕೇಳಿದ: "ಚೀಟಿ ಓದಿದಾಗ ನಿಮ್ಮ ಮೈ ಜುಮ್ಮೆಂದಿರಬೇಕಲ್ಲ ಮೇಡಂ? ಅದು ನಂದು."

ರೊಸೌರಾ ಅವನಿಗೆ ಕೈಕೋಳ ತೊಡಿಸಿದಳು.

\* \* \*

ಅವನನ್ನು ಕರೆದೊಯ್ದ ಮೇಲೆ ಹಸಿಂತಾ ಪೆಟ್ಟಿಗೆಯ ಬಳಿ ಹೋಗಿ ಗುಂಡಿ ಒತ್ತಿದಳು.

"ಸುಮ್ಮನೆ ಚೀಟಿ ಎತ್ತಿದ ಹಾಗೆ ಅಷ್ಟೆ ಕಣಮ್ಮ," ಎಂದಳು ರೊಸೌರಾ.

"ಗೊತ್ತು."

ಕಾಗದ ಕರಕರ ಎನ್ನುತ್ತ ಹೊರಬಂತು.

'ಈರುಳ್ಳಿ ಗಂಟೆ ಬಾರಿಸುತ್ತದೆ.
ಮಗಳು, ಉಪ್ಪು, ಬೆಕ್ಕು.
ನಾನಾಗಿ ಹೋಗಲಿಲ್ಲ.'

ಹಸಿಂತಾ ಅದನ್ನು ಎದೆಗೊತ್ತಿಕೊಂಡು ಅತ್ತಳು. ರೊಸೌರಾ ಬಾಗಿಲಿಗೆ ಹೋದವಳು ಹಿಂತಿರುಗಿ ನೋಡಿದಳು. ಗುಂಡಿಯ ದೀಪ ಇನ್ನೂ ಉರಿಯುತ್ತಿತ್ತು. ತನ್ನ ಪಾಲಿನ ಚೀಟಿಗಾಗಿ ಅದನ್ನು ಒತ್ತಲು ಅವಳಿಗೆ ಧೈರ್ಯ ಬರಲಿಲ್ಲ.