ಮಗ್ಗದ ಗುಂಡಿಯಲ್ಲಿಟ್ಟ ಔಷಧಿ

ಪೆದ್ದಣ್ಣನನ್ನು ಮಣ್ಣು ಮಾಡಿ ಬಂದಾಗಿನಿಂದ ಹುಲಿಯಪ್ಪ ಸಿಕ್ಕಸಿಕ್ಕವರ ಮೇಲೆ ಹರಿಹಾಯುತ್ತಿದ್ದ. ಜೀಪು ಸ್ಟಾರ್ಟ್ ಆಗದಿದ್ದರೆ ಜೀಪಿಗೆ ಬೈಗುಳ, ಸ್ಟಾರ್ಟ್ ಆದರೆ ರಸ್ತೆಗೆ ಬೈಗುಳ. ಜೊತೆಯಲ್ಲಿ ಆಡಿ ಬೆಳೆದವನು, ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಂಡಿದ್ದವನು, ದಿನಾ ತಪ್ಪದೆ ಸೂಜಿ ಚುಚ್ಚಿಕೊಳ್ಳುತ್ತಲೇ ಸಕ್ಕರೆ ಏರಿ ಸತ್ತನೆಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ?

ಹೀಗಿರುವಾಗ ಒಂದು ಬೆಳಿಗ್ಗೆ ಚಳ್ಳಕೆರೆಯ ಶಿವಮೂರ್ತಪ್ಪನವರ ಮನೆಯ ಜಗಲಿಗೆ ಬಂದು ಒಬ್ಬ ಹೆಂಗಸು ಕುಸಿದು ಕುಳಿತಳು. ಶಿವಮೂರ್ತಪ್ಪ ನಿವೃತ್ತ ಪಶುವೈದ್ಯರು. ಅಮೃತಮಹಲ್ ಕಾವಲಿನಲ್ಲಿದ್ದಾಗ ದನಗಳ್ಳರನ್ನು ಹಿಡಿದುಕೊಟ್ಟು ಹೆಸರು ಮಾಡಿದವರು. ಅಂದಿನಿಂದ ಸುತ್ತಲ ಊರುಗಳಲ್ಲಿ ಬಗೆಹರಿಯದ್ದು ಏನೇ ನಡೆದರೂ ಜನ ‘ದನದ ಡಾಕ್ಟ್ರ’ ಮನೆ ಹುಡುಕಿಕೊಂಡು ಬರುತ್ತಿದ್ದರು. ಅವರ ಜೀಪು ಓಡಿಸುತ್ತಲೇ ಹುಲಿಯಪ್ಪನ ತಲೆ ನರೆತಿತ್ತು.

“ನಾನು ಓಬಕ್ಕ ಸ್ವಾಮಿ, ಮೊಳಕಾಲ್ಮೂರು ನೇಕಾರರ ಸಂಘದಾಗೆ ಕಸ ಗುಡಿಸಾಕಿ. ಆಫೀಸಿನ ಬೀಗದ ಕೈ ನನ್ ತಾವೇ ಇರ್ತೈತೆ. ಫ್ರಿಜ್ಜಿನಾಗಿದ್ದ ಇನ್ಸುಲಿನ್ ನಾನು ಕದ್ದು ಮಾರಿ, ಬಾಟ್ಲಿಗೆ ನೀರು ತುಂಬಿದೆ ಅಂತಾರೆ. ಪೆದ್ದಣ್ಣನ್ನ ನಾನೇ ಕೊಂದೆ ಅಂತಾರೆ, ದೇವುಡಾ!” ಅವಳು ಸೆರಗಿನಿಂದ ಮುಖ ಒತ್ತಿಕೊಂಡಳು. “ನನ್ ಮಗಳು ಮೇಘಾಗೂ ಅದೇ ಕಾಯಿಲೆ. ಹುಡುಗಿ ಅದೇ ಔಷಧಿ ಮ್ಯಾಲೆ ಬದುಕೈತೆ. ಇವತ್ತು ಮಧ್ಯಾಹ್ನ ಮೀಟಿಂಗ್ ಮಾಡಿ ಔಷಧಿ ಕೊಡೋದೇ ನಿಲ್ಲಿಸ್ತಾರಂತೆ. ಅಂಗಡಿ ರೇಟಿಗೆ ತರಾಕೆ ನನ್ ಕೈಲಿ ಆಗಲ್ಲ ಸ್ವಾಮಿ. ಮಗಳು ಉಳಿಯಲ್ಲ.”

“ಮಗಳು ಈಗ ಹೆಂಗೈದಾಳೆ?” ಶಿವಮೂರ್ತಪ್ಪ ಕೇಳಿದರು.

“ಚೆನ್ನಾಗೇ ಐದಾಳೆ. ಅದಕ್ಕೇ ಅಲ್ವಾ ಕಳ್ಳಿ ಅನ್ನೋದು! ಅಷ್ಟು ಜನಕ್ಕೆ ಶುಗರ್ ಏರಿದ್ರೆ ನಿನ್ ಮಗಳಿಗೆ ಯಾಕ್ ಏರ್ಲಿಲ್ಲ, ಒಳ್ಳೇದು ನಿನ್ ಮನೆಗೆ ಇಟ್ಕೊಂಡಿದ್ದೀಯ ಅಂತಾರೆ.”

ಹುಲಿಯಪ್ಪನ ಮೈ ಉರಿಯಿತು. ಪೆದ್ದಣ್ಣನನ್ನು ಕೊಂದವಳು ಇವಳೇನಾ? ಅವನ ಮುಖ ನೋಡಿ ಡಾಕ್ಟರು ಹೇಳಿದರು: “ಲೇ ಹುಲಿಯಪ್ಪ, ಸಿಟ್ಟನ್ನ ಸಂಜೆಗೆ ಇಟ್ಕೋ. ಬೇಕಾಗ್ತೈತೆ. ಈಗ ಜೀಪು ತೆಗಿ.”

ಬಿ.ಜಿ. ಕೆರೆಯಲ್ಲಿ ಚಹಾಕ್ಕೂ ನಿಲ್ಲಿಸದೆ ಜೀಪು ಓಡಿತು. ದಾರಿಯುದ್ದಕ್ಕೂ ಡಾಕ್ಟರು ಓಬಕ್ಕನನ್ನು ಮಾತಾಡಿಸಿದರು. ಔಷಧಿ ಬಂದದ್ದು ಚಳಿಗಾಲದಲ್ಲಿ, ಮೂರು ತಿಂಗಳಿಗಾಗುವಷ್ಟು ಒಂದೇ ಸಲ. ಔಷಧಿ ಕಂಪನಿಯ ರವಿತೇಜ ಎಂಬ ಹುಡುಗ ಬಳ್ಳಾರಿಯಿಂದಲೂ, ವಿಮೆಯ ಮಹಾಂತೇಶ ದಾವಣಗೆರೆಯಿಂದಲೂ ಬಂದು ಹಂಚಿದ್ದರು.

“ಆ ರವಿತೇಜ ಸಾರು ಹೇಳಿದ್ದೇ ಹೇಳಿದ್ದು, ‘ಗಡಿಗೆ ಗಿಡಿಗೆಯಾಗೆ ಇಡಬ್ಯಾಡ್ರಿ, ಕೆಟ್ಟೋಗ್ತೈತೆ, ಇಲ್ಲೇ ಫ್ರಿಜ್ಜಿನಾಗೆ ಬಿಟ್ಟು ಬೇಕಾದಂಗೆ ಒಯ್ರಿ’ ಅಂತ. ಪೆದ್ದಣ್ಣನಂಥೋರು ಬಿಟ್ರು. ನಾವು ಮಗ್ಗದೋರು ಕೇಳ್ಲಿಲ್ಲ. ನೇಯೋವಾಗ ಕಾಲು ಇಳಿಬಿಡ್ತೀವಲ್ಲ, ಆ ಗುಂಡಿಗಿಂತ ತಂಪು ಮನೆಯಾಗೆ ಎಲ್ಲೈತೆ? ಒದ್ದೆ ಬಟ್ಟೆ ಸುತ್ತಿ ಅಲ್ಲೇ ಇಟ್ಟೀವಿ.”

“ಹಂಚಿದ ದಿನ ಅವರಿಬ್ಬರೂ ವಾಪಸ್ ಹೋದ್ರಾ?”

“ಎಲ್ಲಿ ಹೋಗ್ತಾರೆ? ಬಸ್ ತಪ್ಪಿತ್ತು. ಆಫೀಸಿನ ಹಿಂದಿನ ರೂಮಿನಾಗೇ ಮಲಗಿದ್ರು. ಅವರು ಹೊರಡೋದ್ರೊಳಗೇ ನನಗೆ ಬೈಗುಳ! ಬೆಳಿಗ್ಗೆ ನೋಡಿದ್ರೆ ಫ್ರಿಜ್ಜಿನಾಗೆ ನೀರಿನ ಗಾಜಿನ ಬಾಟ್ಲಿ ಸೀಳೈತೆ, ಕೆಳಗೆಲ್ಲ ನೀರು. ನೀನೇ ಒಡೆದೆ ಅಂತ ಅಧ್ಯಕ್ಷರು ಸಂಬಳದಾಗೆ ಹಿಡಿದ್ರು. ಪೂಜೆಗೆ ಅಂತ ಅದರಾಗೇ ಇಟ್ಟಿದ್ದ ಮಲ್ಲಿಗೆ ಕಪ್ಪಾಗಿತ್ತು. ಇನ್ನು ನನ್ ಕುಡಿಯೋ ನೀರಿನ ಗಡಿಗೆ ಹುಡುಕಿ ಹುಡುಕಿ ಸಾಕಾಯ್ತು. ಕೊನೆಗೆ ರವಿತೇಜ ಸಾರಿನ ಮಂಚದ ಕೆಳಗೆ ಇತ್ತು. ಒಳಗೆ ನೀರಿಲ್ಲ, ಅವರ ಸ್ಯಾಂಪಲ್ ಇನ್ಸುಲಿನ್ ಪೆನ್ನಿನ ಡಬ್ಬಿಗಳು! ಮ್ಯಾಲೆ ಒದ್ದೆ ಟವಲು. ದೊಡ್ಡೋರಿಗೆ ಏನ್ ಹೇಳೋಕಾಗ್ತೈತೆ?”

“ಅವತ್ತು ಫ್ರಿಜ್ಜು ತುಂಬಿತ್ತಾ?”

“ಎಲ್ಲಿ ತುಂಬೈತೆ ಸ್ವಾಮಿ, ಕೆಳಗಿನ ತಟ್ಟೆ ಪೂರಾ ಖಾಲಿ.”

ಹುಲಿಯಪ್ಪನಿಗೆ ಇದೆಲ್ಲ ಹೆಂಗಸರ ಗೊಣಗಾಟದಂತೆ ಕೇಳಿಸಿತು. ಒಬ್ಬ ಮನುಷ್ಯ ಸತ್ತಿದ್ದಾನೆ, ಇವರಿಗೆ ಗಡಿಗೆಯ ಚಿಂತೆ! ಡಾಕ್ಟರು ಮಾತ್ರ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು.

ಸಂಘದ ಕಚೇರಿಯಲ್ಲಿ ಅಧ್ಯಕ್ಷ ರಾಜಣ್ಣ ಇವರನ್ನು ಕಂಡು ಮುಖ ಗಂಟಿಕ್ಕಿದ. “ದನದ ಡಾಕ್ಟ್ರಿಗೆ ಇಲ್ಲೇನ್ರಿ ಕೆಲಸ? ಪೊಲೀಸಿಗೆ ಫೋನ್ ಮಾಡೀನಿ, ಬರ್ತಾವ್ರೆ.”

“ಬರ್ಲಿ, ಒಳ್ಳೇದೇ ಆಯ್ತು,” ಎನ್ನುತ್ತ ಶಿವಮೂರ್ತಪ್ಪ ಕುರ್ಚಿ ಎಳೆದುಕೊಂಡು ಕುಳಿತರು. “ಈ ಔಷಧಿ ವ್ಯವಹಾರ ಏನು ಅಂತ ನನಗೆ ಸ್ವಲ್ಪ ಬಿಡಿಸಿ ಹೇಳ್ರಿ.”

ಮೀಟಿಂಗಿಗೆಂದು ರವಿತೇಜನೊಡನೆ ಬಂದು ಕುಳಿತಿದ್ದ ವಿಮೆಯ ಮಹಾಂತೇಶ ಕನ್ನಡಕ ಸರಿಮಾಡಿಕೊಂಡು ಹೇಳಿದ. ನೇಕಾರರ ವಿಮೆಗಾಗಿ ಕಂಪನಿ ಇನ್ಸುಲಿನ್ನನ್ನು ಅಂಗಡಿ ಬೆಲೆಗಿಂತ ಬಹಳ ಕಡಿಮೆಗೆ ಕೊಡಬೇಕು. ಜನರ ಸಕ್ಕರೆ ಇಳಿದರೆ ವಿಮೆಯವರು ಒಪ್ಪಿದ ಬೆಲೆ ಪೂರ್ತಿ ಕಟ್ಟುತ್ತಾರೆ. ಇಳಿಯದಿದ್ದರೆ ಅರ್ಧವೇ, ಉಳಿದದ್ದು ಕಂಪನಿಯ ತಲೆಗೆ. ರಕ್ತಪರೀಕ್ಷೆಯಲ್ಲಿ ಹೆಚ್ಚಿನವರ ಸಕ್ಕರೆ ಇಳಿಯದೆ ಹೋದರೆ ಒಪ್ಪಂದವೇ ರದ್ದು. “ಈಗ ಹಾಗೇ ಆಗಿದೆ. ಔಷಧಿ ಒಳ್ಳೆಯದೇ, ಆದರೆ ಈ ಜನಕ್ಕೆ ಶಿಸ್ತಿಲ್ಲ.”

“ಹೌದು,” ರವಿತೇಜ ದನಿಗೂಡಿಸಿದ. ತೆಳುಮೀಸೆಯ, ಅಂಗಿಯ ಇಸ್ತ್ರಿ ಮುರಿಯದ ಹುಡುಗ. “ನಮಗೂ ನಷ್ಟವೇ ಸಾರ್. ಬೇಕಾದವರು ನಮ್ಮ ಹೊಸ ಪೆನ್ನು ತಗೊಳ್ಳಬಹುದು. ಬೆಲೆ ಐದು ಪಟ್ಟು, ವಿಮೆ ಸಿಗಲ್ಲ. ಆದರೆ ಕೆಡಲ್ಲ.”

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಗಂಡ ಹೆಂಡಿರಿಗೆ ಜಗಳವೂ ಇರಲಿಲ್ಲ, ಕೂಸು ಮಾತ್ರ ಸತ್ತಿತ್ತು. ಶಿಸ್ತಿಲ್ಲವಂತೆ! ಮೊಮ್ಮಗಳ ಮದುವೆಯಲ್ಲಿ ಒಂದು ಚೂರು ಹೋಳಿಗೆ ಮುಟ್ಟದ ಪೆದ್ದಣ್ಣನಿಗೆ ಶಿಸ್ತಿಲ್ಲವಂತೆ. ಹುಲಿಯಪ್ಪನ ಮುಷ್ಟಿ ತಾನಾಗಿಯೇ ಬಿಗಿಯಿತು.

ಡಾಕ್ಟರು ಫ್ರಿಜ್ಜಿನಿಂದ ಒಂದು ಬಾಟಲಿ ತೆಗೆಸಿದರು. ಓಬಕ್ಕನ ಮಗಳು ಮೇಘಾ ತನ್ನ ಬಾಟಲಿಯನ್ನು ಒದ್ದೆ ಬಟ್ಟೆಯ ಸಮೇತ ಮನೆಯಿಂದ ತಂದಳು. ಜಡೆ ಹೆಣೆದುಕೊಂಡ, ಕಣ್ಣಲ್ಲಿ ಭಯ ತುಂಬಿದ ಹುಡುಗಿ. ಡಾಕ್ಟರು ಎರಡೂ ಬಾಟಲಿಗಳನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಬೆಳಕಿಗೆ ಹಿಡಿದು, ಎಲ್ಲರನ್ನೂ ಹತ್ತಿರ ಕರೆದರು.

“ನೋಡ್ರಿ. ಮೇಘಾದು ನೀರುಮಜ್ಜಿಗೆ ಹಂಗೆ ಒಂದೇ ಸಮ ಐತೆ. ಫ್ರಿಜ್ಜಿಂದು ಒಡೆದ ಹಾಲಿನಂಗೆ ಹರಳು ಹರಳು, ಗಾಜಿಗೆ ಅಂಟೈತೆ. ನೀರು ಬೆರೆಸಿದ್ರೆ ತೆಳ್ಳಗಾಗ್ತಿತ್ತು, ಹರಳು ಕಟ್ತಿರ್ಲಿಲ್ಲ. ಕಾವಲಿನ ದನಗಳಿಗೆ ತಂದ ಲಸಿಕೆ ಒಂದ್ಸಲ ಹಿಂಗೇ ಕೆಟ್ಟಿತ್ತು. ಮಂಜುಗಡ್ಡೆ ಕಟ್ಟಿ ಕರಗಿ ಸತ್ವ ಹೋದ ಔಷಧಿ ಇದು. ಓಬಕ್ಕ ಕಳ್ಳಿ ಅಲ್ಲ.”

ಓಬಕ್ಕ ಗೋಡೆಗೆ ಒರಗಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವನು ರಾಜಣ್ಣ. ಅವನ ಬಾಯಿ ಮಾತ್ರ ಇನ್ನೂ ಮುಚ್ಚಿರಲಿಲ್ಲ. “ಹಂಗಾದ್ರೆ ಫ್ರಿಜ್ಜೇ ಕೆಟ್ಟಿರ್ಬೇಕು.”

“ಕೆಟ್ಟಿದ್ರೆ ದಿನಾ ಬಾಟ್ಲಿ ಸೀಳ್ತಿತ್ತಲ್ರಿ? ಸೀಳಿದ್ದು ಒಂದೇ ದಿನ. ಇವರಿಬ್ಬರೂ ಇಲ್ಲಿ ಮಲಗೆದ್ದ ಬೆಳಿಗ್ಗೆ. ನೀರು ಗಡ್ಡೆ ಕಟ್ಟಿ ಉಬ್ಬಿದ್ರೆ ತಾನೇ ಗಾಜು ಸೀಳೋದು? ಯಾರೋ ಫ್ರಿಜ್ಜಿನ ಥಂಡಿ ಹೆಚ್ಚಿಸೋ ತಿರುಗಣೆಯನ್ನ ಕೊನೇವರೆಗೆ ತಿರುಗಿಸಿ, ಕೋಳಿ ಕೂಗೋ ಹೊತ್ತಿಗೆ ಫ್ರಿಜ್ಜು ಬಂದ್ ಮಾಡಿ, ಆಮ್ಯಾಲೆ ಮೊದಲಿನಂಗೇ ಇಟ್ರು. ಔಷಧಿ ಕರಗ್ತು, ಬಾಟ್ಲಿ ನೀರೂ ಕರಗಿ ಚೆಲ್ತು. ಮಗ್ಗದೋರ ಔಷಧಿ ಆಗಲೇ ಮನೆ ಸೇರಿತ್ತು, ಅವರು ಬದುಕಿದ್ರು. ಸಾಹೇಬ್ರು ಹೇಳಿದ ಮಾತು ಕೇಳಿದೋರು ಕೆಟ್ರು.”

ಎಲ್ಲರ ಕಣ್ಣೂ ಮಹಾಂತೇಶನ ಕಡೆ ತಿರುಗಿದವು. ಸಕ್ಕರೆ ಇಳಿಯದಿದ್ದರೆ ಅರ್ಧ ದುಡ್ಡು ಉಳಿಯುವುದು ಅವನಿಗೇ ತಾನೆ! ಹುಲಿಯಪ್ಪ ಎದ್ದು ಅವನ ಕಾಲರಿಗೆ ಕೈ ಹಾಕಿಯೇ ಬಿಟ್ಟ.

“ಬಿಡಲೇ! ಅವನಲ್ಲ,” ಡಾಕ್ಟರು ಗದರಿದರು. “ರವಿತೇಜ, ಗಡಿಗೆಯಾಗೆ ಇಟ್ರೆ ಔಷಧಿ ಕೆಡ್ತೈತೆ ಅಂತ ಊರಿಗೆಲ್ಲ ಹೇಳಿದೋನು ನೀನು. ಅವತ್ತು ರಾತ್ರಿ ನಿನ್ನ ಪೆನ್ನುಗಳನ್ನ ಎಲ್ಲಿಟ್ಟಿದ್ದೆ?”

ರವಿತೇಜ ತೆಳುಮೀಸೆ ಒರೆಸಿಕೊಂಡ. “ಫ್ರಿಜ್ಜಿನಲ್ಲಿ ಜಾಗ ಇರಲಿಲ್ಲ...”

“ಕೆಳಗಿನ ತಟ್ಟೆ ಖಾಲಿ ಇತ್ತಲ್ಲ ಸಾರ್!” ಓಬಕ್ಕ ಕೂಗಿದಳು. “ನಾನೇ ಒರೆಸಿದ್ದೆ!”

“ಖಾಲಿ ಇದ್ರೂ ಓಬಕ್ಕನ ಗಡಿಗೆ ಕದ್ದು, ಒದ್ದೆ ಟವಲು ಹೊದಿಸಿ, ಮಂಚದ ಕೆಳಗೆ ಇಟ್ಕೊಂಡೆ. ಯಾಕೆ? ಆ ರಾತ್ರಿ ಫ್ರಿಜ್ಜಿನಾಗೆ ಇಟ್ಟದ್ದೆಲ್ಲ ಕೆಡ್ತೈತೆ ಅನ್ನೋದು ಒಬ್ಬನಿಗೇ ಗೊತ್ತಿತ್ತು. ಕೆಡಿಸೋನಿಗೆ!”

“ಇದರಲ್ಲಿ ಕಂಪನಿಗೆ ನಷ್ಟ ಅಲ್ವೇನ್ರಿ?” ರಾಜಣ್ಣ ತಲೆ ಕೆರೆದುಕೊಂಡ.

“ಮೊಳಕಾಲ್ಮೂರಿನಾಗೆ ಚೂರು ನಷ್ಟ. ಆದ್ರೆ ಈ ಬೆಲೆ ಇಲ್ಲಿ ನಿಂತ್ರೆ ನಾಳೆ ಬೀಡಿ ಕಟ್ಟೋರ ವಿಮೆ, ಬೇರೆ ಜಿಲ್ಲೆಯೋರು, ಬೇರೆ ರಾಜ್ಯದೋರು ಎಲ್ಲಾ ಇದೇ ಬೆಲೆ ಕೇಳ್ತಾರೆ. ಅಗ್ಗದ ಔಷಧಿ ಕೆಲಸ ಮಾಡ್ಲಿಲ್ಲ ಅಂತಾದ್ರೆ ಒಪ್ಪಂದ ಮುರೀತು, ಹಳೇ ಬೆಲೆ ಉಳೀತು, ಹೊಸ ಪೆನ್ನೂ ಮಾರಾಟ ಆಯ್ತು.”

ರವಿತೇಜ ಎರಡೂ ಕೈಯಲ್ಲಿ ತಲೆ ಹಿಡಿದು ಕುಳಿತ. “ಈ ಬೆಲೆ ನಿಲ್ಲಬಾರದು ಅಂತ ಮೇಲಿನವರು ಹೇಳಿದ್ರು. ಹೇಗೆ ಅಂತ ಹೇಳಲಿಲ್ಲ. ಸಕ್ಕರೆ ಒಂದಿಷ್ಟು ಏರುತ್ತೆ ಅಷ್ಟೇ ಅಂದ್ಕೊಂಡಿದ್ದೆ ಸಾರ್. ಸಾಯ್ತಾರೆ ಅಂತ...”

“ಪೆದ್ದಣ್ಣ ಅಂತ ಅವನ ಹೆಸರು!” ಹುಲಿಯಪ್ಪನ ಕೂಗಿಗೆ ಕಿಟಕಿ ಗಾಜು ನಡುಗಿತು. “ನಿನ್ ಮಾತು ನಂಬಿ ಇಲ್ಲಿ ಬಿಟ್ಟು ಹೋದೋನು. ಹೆಸರು ಹೇಳಲೇ, ಹೇಳು!”

ಹುಡುಗ ಹೇಳಿದ. ತುಟಿಯಷ್ಟೇ ಅಲುಗಿತು.

ಮಹಾಂತೇಶ ಕಾಲರು ಸರಿಮಾಡಿಕೊಂಡು, ಬದುಕಿದೆಯಾ ಬಡಜೀವವೇ ಎಂಬಂತೆ ಉಸಿರು ಬಿಟ್ಟ. ಡಾಕ್ಟರು ಅವನ ಕಡೆ ತಿರುಗಿದರು. “ನೀನು ಕೆಡಿಸ್ಲಿಲ್ಲ, ಸರಿ. ರಕ್ತಪರೀಕ್ಷೆ ಎಲ್ಲಾ ನಿನ್ ಕೈಗೇ ಬಂತಲ್ಲ? ಮಗ್ಗದ ಮನೆಯೋರು ಚೆನ್ನಾಗಿದ್ದಾರೆ, ಫ್ರಿಜ್ಜಿನೋರು ಮಾತ್ರ ಮಲಗಿದ್ದಾರೆ ಅನ್ನೋದು ಕಾಣ್ಲಿಲ್ವಾ?”

ಮಹಾಂತೇಶ ಪರೀಕ್ಷೆಯ ಕಾಗದಗಳನ್ನು ಫೈಲಿಗೆ ತುರುಕತೊಡಗಿದ.

“ಕಂಡಿತ್ತು. ಅರ್ಧ ದುಡ್ಡು ಉಳೀತೈತೆ ಅಂತ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂಗೆ ಕೂತೆ. ಒಂದು ಮಾತು ಕೇಳಿದ್ರೆ ಪೆದ್ದಣ್ಣ ಇವತ್ತು ಬಣ್ಣದ ಹಂಡೆ ಮುಂದೆ ಇರ್ತಿದ್ದ. ಈಗ ಬರಿ: ಕೆಡಿಸಿದ್ದು ಕಂಪನಿಯ ಮನುಷ್ಯ, ಆದ್ರಿಂದ ಪರೀಕ್ಷೆ ಲೆಕ್ಕಕ್ಕಿಲ್ಲ, ಒಪ್ಪಂದ ಅದೇ ಬೆಲೆಗೆ ಮುಂದುವರೀತೈತೆ ಅಂತ. ಬರೀದಿದ್ರೆ ನಿನ್ ವಿಷಯಾನೂ ಪೊಲೀಸರ ಮುಂದೆ ಹೇಳ್ತೀನಿ.”

ಮಹಾಂತೇಶ ಬರೆದು ಸಹಿ ಹಾಕುವಷ್ಟರಲ್ಲಿ ಪೊಲೀಸ್ ಜೀಪು ಬಂತು. ಓಬಕ್ಕನನ್ನು ಒಯ್ಯಲು ರಾಜಣ್ಣ ಕರೆಸಿದ್ದ ಜೀಪಿನಲ್ಲಿ ರವಿತೇಜ ಹತ್ತಿ ಕುಳಿತ. “ಬರೀ ಇವನಲ್ಲ, ಮೇಲಿನವರು ಯಾರು ಅಂತಾನೂ ಕೇಳ್ರಿ,” ಎಂದು ಡಾಕ್ಟರು ಇನ್ಸ್‌ಪೆಕ್ಟರಿಗೆ ಎರಡೆರಡು ಸಲ ಹೇಳಿದರು. ಇನ್ಸ್‌ಪೆಕ್ಟರು ತಲೆಯಾಡಿಸಿದ. ಹುಲಿಯಪ್ಪನಿಗೆ ಆ ತಲೆಯಾಡಿಸುವಿಕೆಯಲ್ಲಿ ನಂಬಿಕೆ ಬರಲಿಲ್ಲ.

ರಾಜಣ್ಣ ಹಲ್ಲು ಗಿಂಜುತ್ತ, ಓಬಕ್ಕನಿಂದ ಕಿತ್ತುಕೊಂಡಿದ್ದ ಬೀಗದ ಕೈ ಚಾಚಿದ. “ತಪ್ಪಾಯ್ತು ಓಬಕ್ಕ. ನಾಡಿದ್ದು ಹೊಸ ಔಷಧಿ ಬರ್ತೈತೆ. ಫ್ರಿಜ್ಜು ನೀನೇ ನೋಡ್ಕೋ.”

ಓಬಕ್ಕ ಕೈ ನೀಡಲಿಲ್ಲ. “ಬೀಗದ ಕೈ ನಿಮ್ಮ ತಾವೇ ಇರ್ಲಿ. ಫ್ರಿಜ್ಜಿನಾಗೆ ನೀರಿಟ್ಟು ತಣ್ಣಗೆ ಕುಡೀರಿ. ಬಾಟ್ಲಿ ದುಡ್ಡು ಮಾತ್ರ ನನ್ ಸಂಬಳಕ್ಕೆ ಸೇರಿಸ್ರಿ. ಔಷಧಿ ಬಂದ ದಿನಾನೇ ಎಲ್ಲರ ಮನೆಗೂ ಹೋಗ್ತೈತೆ. ಮಗ್ಗ ಇಲ್ಲದೋರದ್ದು ನಮ್ ಗುಂಡಿಯಾಗೆ ಇರ್ತೈತೆ.”

ಅವಳು ಮೇಘಾಳ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ, ಮಗಳ ಕೈ ಹಿಡಿದು ಹೊರಟಳು. ಹುಲಿಯಪ್ಪ ಬಾಗಿಲಲ್ಲೇ ನಿಂತಿದ್ದ. ಪೆದ್ದಣ್ಣನ ಮನೆಯಲ್ಲಿ ಮಗ್ಗವಿರಲಿಲ್ಲ. ಈ ಮಾತು ಮೂರು ತಿಂಗಳ ಹಿಂದೆ ಬಂದಿದ್ದರೆ ಅವನೂ ಇರುತ್ತಿದ್ದ. ಸಂಜೆಗೆಂದು ಇಟ್ಟುಕೊಂಡಿದ್ದ ಸಿಟ್ಟು ಇನ್ನೂ ಪೂರಾ ಹಾಗೇ ಇತ್ತು.