ಟಾರ್ಪಿಡೊ ಬರುವ ದಾರಿ

ಅಳತೆಯಲ್ಲಿ ನಾನು ತಪ್ಪುವವನಲ್ಲ. ಮೊದಲ ಮಹಾಯುದ್ಧದ ಬ್ರಿಟಿಷ್ ಮೋಟಾರ್ ದೋಣಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಅವುಗಳಲ್ಲಿ ಮೂವರು ಹೇಗೆ ಕೂರುತ್ತಿದ್ದರೆಂದು ನೋಡಲು ಶುಗರ್ ಲ್ಯಾಂಡ್ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲೇ ಪ್ಲೈವುಡ್ಡಿನ ಕಾಕ್‌ಪಿಟ್ ಕಟ್ಟಿದೆ. ಆ ದೋಣಿ ಟಾರ್ಪಿಡೊವನ್ನು, ಅದರ ಮೂತಿ ಮುಂದಕ್ಕೇ ಇರುವಂತೆ, ತನ್ನ ಹಿಂಬದಿಯಿಂದ ನೀರಿಗೆ ಬಿಡುತ್ತಿತ್ತು. ಅದು ದೋಣಿಯ ಬೆನ್ನಿಗೇ ನುಗ್ಗಿ ಬರುತ್ತಿದ್ದುದರಿಂದ ತಕ್ಷಣ ಪಕ್ಕಕ್ಕೆ ಸರಿಯಬೇಕಿತ್ತು. ಎಂಜಿನ್ನಿನ ಆರ್ಭಟದಲ್ಲಿ ಮಾತು ಕೇಳಿಸದು. ಭುಜ ತಟ್ಟಿಯೇ ಹೇಳುತ್ತಿದ್ದಿರಬೇಕೆಂದು ನನ್ನ ಲೆಕ್ಕ.

ಆಗಸ್ಟಿನ ಮಧ್ಯಾಹ್ನ, ಬೆಂಕಿಯಂಥ ಸೆಕೆ. ತೆರೆದ ಗ್ಯಾರೇಜ್ ಬಾಗಿಲಿಗೆ ಬೆನ್ನು ಹಾಕಿ ಮೂವರಲ್ಲಿ ಮೆಕ್ಯಾನಿಕ್ ಕೂರುತ್ತಿದ್ದ ಜಾಗದಲ್ಲಿ ಕೂತು, ಉಳಿದೆರಡು ಜಾಗ ಖಾಲಿ ಬಿಟ್ಟು, ಹೆಡ್‌ಫೋನಿನಲ್ಲಿ ಹಳೆಯ ಎಂಜಿನ್ನಿನ ಸದ್ದು ಕೇಳುತ್ತಿದ್ದೆ. ಇದ್ದಕ್ಕಿದ್ದಂತೆ ಉಪ್ಪುನೀರಿನ ವಾಸನೆ ಬಂತು. ಕಾಲ್ಬೆರಳುಗಳು ಚಳಿಗೆ ಮರಗಟ್ಟಿದವು. ಯಾರೋ ಬಲಭುಜ ತಟ್ಟಿದರು.

ಹೆಂಡತಿ ಗಿರಿಜಾ ನನ್ನನ್ನು ಊಟಕ್ಕೆ ಕರೆಯುವುದೇ ಹಾಗೆ. "ಬಂದ್ನಿ, ತಡಿ," ಎಂದೆ, ತಿರುಗಿ ನೋಡಲಿಲ್ಲ. ಈ ಸಲ ಒದ್ದೆ ಕೈಯೊಂದು ಅಂಗಿಯನ್ನೇ ಹಿಡಿದು ಬಲಕ್ಕೆ ಜಗ್ಗಿತು. ಸಿಟ್ಟು ಬಂದು ಎದ್ದು ಬಲಕ್ಕೆ ಇಳಿದೆ. ಅದೇ ಕ್ಷಣ ನಮ್ಮ ಕಾರು ಹಿಂದಿನಿಂದ ನುಗ್ಗಿ, ಕಾಕ್‌ಪಿಟ್ಟನ್ನು ಪುಡಿ ಮಾಡಿ ಗೋಡೆಗೆ ಬಡಿಯಿತು.

ಡ್ರೈವಿಂಗ್ ಕಲಿಯುತ್ತಿದ್ದ ಮಗಳು ಅಮೂಲ್ಯಾ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದ್ದಳು. ಅವಳಿಗೆ ಕಲಿಸುತ್ತಿದ್ದ ಗಿರಿಜಾ ಪಕ್ಕದ ಸೀಟಿನಿಂದ ಇಳಿದು ಓಡಿ ಬಂದಳು.

"ನಿಮಗೇನೂ ಆಗಿಲ್ಲಲ್ರಿ?"

"ಏನೂ ಆಗಿಲ್ಲ."

ಅಮೂಲ್ಯಾ ಮಾತ್ರ ಸ್ಟಿಯರಿಂಗ್ ಬಿಡದೆ ಅಳುತ್ತಿದ್ದಳು. "ಅಪ್ಪಾ, ವೇರ್ ಆರ್ ದಿ ಅದರ್ ಟೂ?"

"ಯಾವ ಇಬ್ಬರು?" ಎಂದೆ.

ಗಿರಿಜಾ ಅವಳ ಮಾತನ್ನು ತಿದ್ದಲಿಲ್ಲ. ನೆಲಕ್ಕೆ ಮಂಡಿಯೂರಿ ಕಾರಿನಡಿ ನೋಡತೊಡಗಿದಳು.