ಕೇಬಲ್ ಕಿತ್ತ ಮೇಲೆ

ನಾನು ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್‌ಗಳಿಗೆ ಡ್ರೈವರ್, ಅಂದರೆ ಅವನ್ನು ನಡೆಸುವ ತಂತ್ರಾಂಶ, ಬರೆಯುವವನು; ದೆವ್ವಗಿವ್ವ ನಂಬಿದವನಲ್ಲ. ಹೊರಗಿನಿಂದ ಕೇಬಲ್ ಮೂಲಕ ಏನಾದರೂ ಬಂದರೆ ಕಾರ್ಡ್ ಕಂಪ್ಯೂಟರಿನ ಬಾಗಿಲು ತಟ್ಟುತ್ತದೆ. ಅದನ್ನೇ ಇಂಟರಪ್ಟ್ ಅನ್ನುತ್ತೇವೆ. ಡ್ರೈವರ್, ಒಂದು ಹೊತ್ತಿಗೆ ಒಂದೇ ಕೆಲಸಕ್ಕೆ ಸಿಗುವ ಬೀಗ ಹಿಡಿದು ಕೆಲಸದಲ್ಲಿರುವಾಗಲೇ ತಟ್ಟಿದರೆ, ಓಗೊಡಲೂ ಅದೇ ಬೀಗ ಬೇಕಾಗಿ, ಯಂತ್ರ ಕಲ್ಲಾಗಿ ನಿಂತುಬಿಡುತ್ತದೆ.

ಮರುದಿನ ಆಸ್ಪತ್ರೆಯೊಂದಕ್ಕೆ ಹೋಗಬೇಕಿದ್ದ ಯಂತ್ರ ಅವತ್ತು ಮಧ್ಯಾಹ್ನ ಪದೇಪದೇ ಹಾಗೆ ನಿಂತಿತು. ನಿಲ್ಲುವ ಮುಂಚೆ ಇಂಟರಪ್ಟ್‌ಗಳ ಎಣಿಕೆ ಮೂರು ಏರುವುದು, ತಡೆಯುವುದು, ಮತ್ತೆ ಮೂರು ಏರುವುದು. ಸದಾ ಸುಡುವ ಕಾರ್ಡ್ ಮುಟ್ಟಿದರೆ ತಣ್ಣಗಿತ್ತು.

"ಕೇಬಲ್ ಕಿತ್ತು ನೋಡೋ," ಅಂದರು ನಾವೆಲ್ಲ ಅಕ್ಕ ಅನ್ನುತ್ತಿದ್ದ ಹಿರಿಯ ಸಹೋದ್ಯೋಗಿ.

"ಆಗ್ಲೇ ಕಿತ್ತಿದ್ದೀನಿ ಅಕ್ಕ. ನನ್ನ ಕೈಯಲ್ಲೇ ಇದೆ, ನೋಡಿ."

ಅಕ್ಕ ಕೇಬಲ್ಲಿನ ತುದಿ ತಿರುಗಿಸಿ ನೋಡಿದರು. "ಹಾಗಾದ್ರೆ ಬೀಗ ಹಿಡಿದಿರೋವಷ್ಟು ಹೊತ್ತು ಅದರ ಕಿವಿ ಮುಚ್ಚಿಬಿಡು. ಯಾರು ತಟ್ಟಿದ್ರೂ ಕೇಳಿಸ್ಬಾರ್ದು."

ಡ್ರೈವರ್‌ನಲ್ಲಿ ಎರಡು ಸಾಲು ತಿದ್ದಿದೆ. ಯಂತ್ರ ಸರಾಗವಾಗಿ ಓಡಿತು, ಎಣಿಕೆಯೂ ನಿಂತಿತು. ನಾವು ಉಸಿರು ಬಿಡುವಷ್ಟರಲ್ಲಿ ಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ಮೂರು ಸಲ, ತಡೆದು, ಮತ್ತೆ ಮೂರು ಸಲ. ಬೆರಳ ಗೆಣ್ಣಿನಿಂದ ಮರದ ಹಲಗೆ ತಟ್ಟಿದ ಸದ್ದು.

"ತೆಗೀಬೇಡ," ಅಂದರು ಅಕ್ಕ, ನನ್ನ ತೋಳು ಹಿಡಿದು.

ತೆಗೆಯದಿದ್ದರೂ ಹೊರಗಿನ ಕಾರಿಡಾರ್ ಉದ್ದಕ್ಕೂ ಕಾಣುತ್ತಿತ್ತು, ಖಾಲಿಯಾಗಿ. ನಮ್ಮ ಕೋಣೆಗಿರುವುದು ಗಾಜಿನ ಬಾಗಿಲು.